ದೋಣಿಯ ಕ್ಯಾಬಿನ್‌ಗೆ ಮರದ ವೆನೀರ್: ಕೊಡಗಿನ ಮನೆಯಲ್ಲೇ ಮಾಡಿಕೊಳ್ಳಲು ಸಮಗ್ರ ಮಾರ್ಗದರ್ಶಿ

ವೆನೀರ್ ಅಂದರೆ ಪ್ಲೈ ಮೇಲೆ ಅಂಟಿಸುವ ಮರದ ತೆಳು ಹಾಳೆ. ಕೊಡಗಿನಲ್ಲಿ ವೆನೀರ್ ಕೆಲಸಕ್ಕೆ ಕೈ ಹಾಕುವ ಮುಂಚೆ ಕ್ಯಾಲೆಂಡರ್ ನೋಡಬೇಕು. ಯಾವ ಅಂಟು, ಯಾವ ಮರ ಅನ್ನುವುದು ಆಮೇಲಿನ ಮಾತು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಬೀರುವಿನ ಬಾಗಿಲು ಉಬ್ಬಿ ಮುಚ್ಚಲಾಗದೆ ನಿಲ್ಲುತ್ತದೆ. ಅದೇ ಬಾಗಿಲು ಫೆಬ್ರವರಿಯಲ್ಲಿ ಸಡಿಲವಾಗಿ ಅಲ್ಲಾಡುತ್ತದೆ. ಇಲ್ಲಿನವರಿಗೆ ಇದು ಹೊಸದಲ್ಲ. ಅರ್ಧ ಮಿಲಿಮೀಟರ್ ದಪ್ಪದ ವೆನೀರ್ ಹಾಳೆಯೂ ಹಾಗೇ ಹಿಗ್ಗಿ ಕುಗ್ಗುತ್ತದೆ. ಆದರೆ ಅದನ್ನು ಅಂಟು ಹಿಡಿದುಕೊಂಡಿರುತ್ತದೆ. ಹಾಗಾಗಿ ಅಲ್ಲಾಡುವ ಬದಲು ಸೀಳುತ್ತದೆ.

ಮನೆ ತೋಟ ಇಲ್ಲಿ, ಸಣ್ಣ ಕ್ಯಾಬಿನ್ ಇರುವ ಫೈಬರ್ ದೋಣಿ ಮಂಗಳೂರು ಅಥವಾ ಕಣ್ಣೂರು ಕಡೆ. ಇಂಥ ಸ್ಥಿತಿಯಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನದೂ ಅದೇ ಸ್ಥಿತಿ. ದೋಣಿಯನ್ನು ಮೇಲೆ ತರುವ ಅಗತ್ಯ ಇಲ್ಲ. ಲಾಕರ್ ಬಾಗಿಲು, ಡ್ರಾಯರ್ ಮುಖ, ಮೇಜಿನ ಹಲಗೆ, ಗೋಡೆಯ ಹಲಗೆ, ಇವೆಲ್ಲ ಬಿಚ್ಚಲು ಬರುತ್ತವೆ. ಒಂದು ಪಿಕಪ್‌ನಲ್ಲಿ ಸಂಪಾಜೆ ಅಥವಾ ಮಾಕುಟ್ಟ ಘಾಟಿ ಹತ್ತಿಸಿದರೆ ಸಾಕು. ಹಾಗೆ ತರುವುದಕ್ಕೆ ಬಲವಾದ ಕಾರಣ ಇದೆ. ಕರಾವಳಿಯ ಗಾಳಿಯಲ್ಲಿ ಚಳಿಗಾಲದಲ್ಲೂ ತೇವ ಜಾಸ್ತಿ. ನಮ್ಮಲ್ಲಿ ಜನವರಿ, ಫೆಬ್ರವರಿ ಮಧ್ಯಾಹ್ನ ಸಿಗುವಷ್ಟು ಒಣ ಹವೆ ಅಲ್ಲಿ ಸಿಗುವುದು ಕಷ್ಟ.

ಯಾವ ತಿಂಗಳಲ್ಲಿ ಯಾವ ಕೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ದೋಣಿ ನೀರಿಗಿಳಿಯುವುದಿಲ್ಲ. ಬಿಚ್ಚುವುದು, ಅಳತೆ ತೆಗೆಯುವುದು, ಹಳೆಯ ಮೈಕಾ ಕೀಳುವುದು, ಇವೆಲ್ಲ ಆಗ ಮುಗಿಯಲಿ. ಪ್ಲೈ ಕತ್ತರಿಸಿ ಒಮ್ಮೆ ಕೂರಿಸಿ ನೋಡುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಅಂಟು ಮುಟ್ಟುವುದು ಡಿಸೆಂಬರ್ ಆಸುಪಾಸಿನ ಸುಗ್ಗಿ ಹಬ್ಬ ಹುತ್ತರಿ ಕಳೆದು ಗಾಳಿ ಒಣಗಿದ ಮೇಲೆ. ಪಾಲಿಶ್, ಕಾಫಿ ಹೂ ಅರಳಿಸುವ ಮಾರ್ಚ್ ಆಸುಪಾಸಿನ ಹೂಮಳೆಗೆ ಮುಂಚೆ ಮುಗಿಯಬೇಕು. ಅದೇ ಹೊತ್ತಿಗೆ ಕಾಫಿ ಕೊಯ್ಲೂ ಇರುತ್ತದೆ. ಕೈಯಾಳು ಸಿಗುವುದಿಲ್ಲ, ನಿಮಗೂ ಬಿಡುವಿರುವುದಿಲ್ಲ. ಹಾಗಾಗಿ ಅಂಟಿಸುವ ದಿನಕ್ಕೆ ಬೇಕಾದ್ದನ್ನೆಲ್ಲ ಮಳೆಗಾಲದಲ್ಲೇ ಸಿದ್ಧ ಮಾಡಿಟ್ಟುಕೊಳ್ಳಿ. ದೋಣಿ ಓಡಿಸುವ ಒಳ್ಳೆಯ ಕಾಲವೂ ಈ ಒಣ ತಿಂಗಳುಗಳೇ. ಆ ಒಂದು ವರ್ಷ ಲಾಕರ್‌ಗೆ ಬಾಗಿಲಿಲ್ಲದೆ ಓಡಿಸಿದರಾಯಿತು.

ಈ ಕಾಲದ ಲೆಕ್ಕಕ್ಕೆ ಕಾರಣ ಹೇಳುತ್ತೇನೆ. ಗಾಳಿಯ ತೇವ ಶೇ. 50 ಇದ್ದಾಗ ಮರದೊಳಗಿನ ತೇವ ಸುಮಾರು ಶೇ. 9ಕ್ಕೆ ಬಂದು ನಿಲ್ಲುತ್ತದೆ. ಗಾಳಿಯ ತೇವ ಶೇ. 90 ಆದರೆ ಮರದ್ದು ಶೇ. 20ರ ಆಸುಪಾಸು. ತೇಗದ ಹಲಗೆ ಪೂರ್ತಿ ಹಸಿಯಿಂದ ಪೂರ್ತಿ ಒಣಗುವವರೆಗೆ ಅಡ್ಡಕ್ಕೆ ಶೇ. 5.8ರವರೆಗೆ ಕುಗ್ಗುತ್ತದೆ. ಬೇರೆ ಮರಗಳಿಗೆ ಹೋಲಿಸಿದರೆ ಇದು ಕಡಿಮೆಯೇ. ಆದರೂ 200 ಮಿಲಿಮೀಟರ್ ಅಗಲದ ತೇಗದ ವೆನೀರನ್ನು ಆಗಸ್ಟ್‌ನಲ್ಲಿ ಅಂಟಿಸಿದರೆ, ಫೆಬ್ರವರಿಗೆ ಅದು ಸುಮಾರು 4 ಮಿಲಿಮೀಟರ್‌ವರೆಗೆ ಕುಗ್ಗಲು ಹವಣಿಸುತ್ತದೆ. ಕೆಳಗಿನ ಪ್ಲೈ ಅಷ್ಟು ಕುಗ್ಗುವುದಿಲ್ಲ. ಅಲ್ಲಿಗೆ ಮರದ ಎಳೆಯುದ್ದಕ್ಕೂ ಕೂದಲಿನಂಥ ಬಿರುಕು ಗ್ಯಾರಂಟಿ. ಒಣಗಿದ್ದಾಗ ಅಂಟಿಸಿದ್ದು ಕರಾವಳಿಗೆ ಹೋಗಿ ಹಿಗ್ಗಲು ನೋಡಿದರೆ, ಒಳ್ಳೆಯ ಅಂಟು ಅದನ್ನು ತಡೆದು ಹಿಡಿಯುತ್ತದೆ. ಬಿರುಕಿಗೆ ಅಂಥ ಉಪಾಯ ಇಲ್ಲ.

ತೇವ ಅಳೆಯುವ ಮುಳ್ಳಿನ ಮೀಟರ್ ಒಂದು ಕೊಂಡುಕೊಳ್ಳಿ. ಪ್ಲೈ ಶೇ. 8ರಿಂದ 12ರ ಒಳಗಿದ್ದರೆ ಮುಂದುವರಿಯಿರಿ. ಮೇಲಿದ್ದರೆ ಕಾಯಿರಿ. ಬೇಗ ಒಣಗಲಿ ಅಂತ ಕಾಫಿ ಕಣದ ಬಿಸಿಲಿಗೆ ಹಾಕಬೇಡಿ, ಒಂದು ಬದಿ ಮಾತ್ರ ಒಣಗಿ ಹಲಗೆ ಸೊಟ್ಟಗಾಗುತ್ತದೆ. ನೆರಳಲ್ಲಿ, ಮಧ್ಯೆ ರೀಪು ಕೊಟ್ಟು, ಗಾಳಿಯಾಡುವ ಹಾಗೆ ಪೇರಿಸಿ.

ಬಿಚ್ಚುವುದು ಮತ್ತು ಒಳಗೆ ನೋಡುವುದು

ಮೊದಲು ಬ್ಯಾಟರಿ ಸಂಪರ್ಕ ತೆಗೆಯಿರಿ. ಪೆಟ್ರೋಲ್ ಟ್ಯಾಂಕ್ ಬಿಚ್ಚಲು ಬರುವಂಥದ್ದಾದರೆ ಹೊರಗಿಡಿ. ಆಮೇಲೆ ಪ್ರತಿ ಮೂಲೆಯ ಫೋಟೋ ತೆಗೆಯಿರಿ. ಪ್ರತಿ ಹಲಗೆಯ ಬೆನ್ನಿಗೆ ಪೆನ್ಸಿಲಿನಲ್ಲಿ ನಂಬರ್ ಹಾಕಿ, ಮೇಲ್ಭಾಗ ಯಾವುದು ಅಂತ ಬಾಣ ಬರೆಯಿರಿ. ಸ್ಕ್ರೂಗಳನ್ನು ಅದೇ ನಂಬರಿನ ಪೊಟ್ಟಣಕ್ಕೆ ಹಾಕಿ. ದೋಣಿಯಲ್ಲಿ ಎರಡು ಬಾಗಿಲು ಒಂದೇ ಅಳತೆಯಲ್ಲಿ ಇರುವುದು ಅಪರೂಪ.

ಈಗ ಒಂದು ಸಣ್ಣ ಸ್ಕ್ರೂಡ್ರೈವರ್ ಹಿಡಿದು ಉಳಿದ ಮರವನ್ನೆಲ್ಲ ಚುಚ್ಚಿ ನೋಡಿ. ಕಿಟಕಿಯ ಕೆಳಗೆ, ಅಡ್ಡಗೋಡೆಯ ಬುಡದಲ್ಲಿ, ಡೆಕ್ಕಿಗೆ ಬೋಲ್ಟ್ ಕೂರುವ ಜಾಗದಲ್ಲಿ. ಮೊನೆ ಸುಲಭವಾಗಿ ಒಳಗೆ ಹೋದರೆ ಮರ ಕೊಳೆತಿದೆ ಅಂತಲೇ ಅರ್ಥ. ಮುಖ್ಯವಾಗಿ ಹೇಳುವುದು ಇದು: ನೀರು ಸೋರುವ ಕಿಟಕಿ ಸರಿ ಮಾಡದೆ ವೆನೀರ್ ಹಾಕಿದರೆ ದುಡ್ಡು ಮತ್ತು ಶ್ರಮ ಎರಡೂ ಹಾಳು. ಕಿಟಕಿ ಬಿಚ್ಚಿ, ಹಳೆಯ ಸೀಲೆಂಟ್ ಪೂರ್ತಿ ಕೆರೆದು, ಹೊಸ ಮರೀನ್ ಸೀಲೆಂಟ್‌ನಲ್ಲಿ ಕೂರಿಸಿ. ಆಮೇಲೆ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು, ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತು ನೋಡಲಿ.

ದೋಣಿಯ ಅಡ್ಡಗೋಡೆಗಳು ಬರೀ ಪರದೆಗಳಲ್ಲ. ಫೈಬರ್ ಪಟ್ಟಿ ಹಾಕಿ ದೋಣಿಯ ಮೈಗೆ ಕೂಡಿಸಿರುತ್ತಾರೆ, ದೋಣಿಯ ಆಕಾರ ಹಿಡಿದು ನಿಲ್ಲಿಸುವುದೇ ಅವು. ಅವನ್ನು ಕತ್ತರಿಸಬಾರದು, ಆ ಪಟ್ಟಿ ಕೀಳಬಾರದು. ಬುಡ ಕೊಳೆತಿದ್ದರೆ ದೋಣಿ ಕಟ್ಟುವವರ ಹತ್ತಿರವೇ ಸರಿ ಮಾಡಿಸಿ. ಗಟ್ಟಿಯಿದ್ದರೆ ಅದರ ಮೇಲೆ ತೆಳು ಹಲಗೆ ಹೊದಿಸುವುದು ನಮ್ಮ ಕೆಲಸ.

ಹಳೆಯ ಮೈಕಾ ಕೀಳಲು ಹೀಟ್ ಗನ್ ಮತ್ತು ಅಗಲದ ಪುಟ್ಟಿ ಪಟ್ಟಿ ಸಾಕು. ಒಂದು ಮೂಲೆ ಬಿಸಿ ಮಾಡಿ, ಪಟ್ಟಿ ತೂರಿಸಿ, ಬಿಸಿ ಮಾಡುತ್ತಾ ಮುಂದೆ ಹೋಗಿ. ಮೈಕಾ ಕಿತ್ತಾಗ ಪ್ಲೈನ ಮೇಲ್ಪದರವೂ ಬಂದರೆ ಆ ಪ್ಲೈ ಉಳಿಸಿಕೊಳ್ಳಲು ಹೋಗಬೇಡಿ, ಹೊಸದು ಕತ್ತರಿಸಿ. ಫೈಬರ್ ಉಜ್ಜುವಾಗ ಎನ್95 ಮಾಸ್ಕ್, ಪೂರ್ತಿ ತೋಳಿನ ಅಂಗಿ, ಕನ್ನಡಕ ಇರಲಿ. ಆ ಧೂಳು ಚರ್ಮಕ್ಕೆ ತಾಗಿದರೆ ರಾತ್ರಿಯಿಡೀ ತುರಿಕೆ.

ಅಳತೆ ಮತ್ತು ಪ್ಲೈ

ದೋಣಿಯೊಳಗೆ ಮಟ್ಟಗೋಲು, ಲಂಬ ಗುಂಡು ಕೆಲಸಕ್ಕೆ ಬರುವುದಿಲ್ಲ. ನೇರ ಗೆರೆ, ಸರಿ ಮೂಲೆ ಯಾವುದೂ ಇಲ್ಲ. ಹಳೆಯ ಹಲಗೆ ಸಿಕ್ಕಿದರೆ ಅದನ್ನೇ ಮೇಲಿಟ್ಟು ಗೆರೆ ಎಳೆಯಿರಿ. ಇಲ್ಲದಿದ್ದರೆ ದಪ್ಪ ರಟ್ಟನ್ನು ಜಾಗಕ್ಕಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ ಒಳಗೆ ನಿಲ್ಲಿಸಿ. ಕೈವಾರದ ಮೊನೆಯನ್ನು ದೋಣಿಯ ಮೈಗೆ ತಾಗಿಸಿ ಎಳೆದುಕೊಂಡು ಹೋದರೆ, ಪೆನ್ಸಿಲ್ ಆ ಬಾಗನ್ನು ರಟ್ಟಿನ ಮೇಲೆ ಬಿಡಿಸುತ್ತದೆ. ಕೈವಾರದ ಅಗಲ ಬದಲಾಗಬಾರದು, ಕೈ ಓರೆಯಾಗಬಾರದು. ಪ್ಲೈ ಮೇಲೆ ಅದೇ ಅಗಲ ಇಟ್ಟು ಹೊರಗೆ ಸರಿಸಿ ಗೆರೆ ಹಾಕಿ. ಕೊನೆಗೆ ಸುತ್ತಲೂ 3 ಮಿಲಿಮೀಟರ್ ಬಿಡುವು ಇರಲಿ. ದೋಣಿ ಅಲೆಯಲ್ಲಿ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಗಿಯಾಗಿ ಕೂತ ಹಲಗೆ ಕಿರುಗುಟ್ಟುತ್ತದೆ.

ಪ್ಲೈ ಕೊಳ್ಳುವಾಗ ಐಎಸ್ 710 ಗುರುತು ನೋಡಿ. ಇದು ಮರೀನ್ ಪ್ಲೈನ ಭಾರತೀಯ ಮಾನದಂಡ. ಅದರ ಪರೀಕ್ಷೆಯಲ್ಲಿ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸುತ್ತಾರೆ. ಮನೆಯ ವಾರ್ಡ್‌ರೋಬ್‌ಗೆ ಬಳಸುವ ಐಎಸ್ 303ರ ಸಾದಾ ಪ್ಲೈ ದೋಣಿಗೆ ಬೇಡ. ಬಾಗಿಲಿಗೆ 12 ಮಿಲಿಮೀಟರ್, ಹೊದಿಕೆಗೆ 4 ಅಥವಾ 6 ಮಿಲಿಮೀಟರ್ ಸಾಕು. ಕೊಂಡ ಪ್ಲೈಯನ್ನು ಕುಶಾಲನಗರದ ಕಡೆ ನೆಂಟರ ಮನೆಯಲ್ಲಿ ಇಡಲು ಜಾಗ ಇದ್ದರೆ ಅಲ್ಲೇ ಇಡಿ. ಮಡಿಕೇರಿ, ಭಾಗಮಂಡಲದ ಕಡೆಗಿಂತ ಅಲ್ಲಿ ಮಳೆ ಎಷ್ಟೋ ಕಡಿಮೆ.

ವೆನೀರ್ ಆರಿಸುವುದು

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತದೆ. ಬರೀ ಮರದ ತೆಳು ಹಾಳೆ ಒಂದು. ಬೆನ್ನಿಗೆ ಕಾಗದ ಅಥವಾ ಬಟ್ಟೆ ಅಂಟಿಸಿದ ಹಾಳೆ ಇನ್ನೊಂದು. 4 ಮಿಲಿಮೀಟರ್ ಪ್ಲೈ ಮೇಲೆ ಆಗಲೇ ಅಂಟಿಸಿ ಬರುವ 8 ಅಡಿ ಉದ್ದ, 4 ಅಡಿ ಅಗಲದ ಶೀಟ್ ಮೂರನೆಯದು. ಆಚಾರಿಗಳು ಮೂರನೆಯದನ್ನೇ ತರಲು ಹೇಳುತ್ತಾರೆ. ಮನೆಗೆ ಅದು ಸರಿ. ದೋಣಿಗಾದರೆ ಕೆಳಗಿನ ಪ್ಲೈ ಯಾವ ದರ್ಜೆಯದು ಅಂತ ಕೇಳಿ ನೋಡಿ, ಸ್ಪಷ್ಟ ಉತ್ತರ ಸಿಗದಿದ್ದರೆ ಬಿಡಿ. ನಾನು ಬಾಗಿಲು ಮತ್ತು ಮೇಜಿಗೆ ಬರೀ ಹಾಳೆ, ಬಾಗಿದ ಜಾಗಕ್ಕೆ ಕಾಗದ ಬೆನ್ನಿನ ಹಾಳೆ ಬಳಸುತ್ತೇನೆ.

ಮರದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಕ್ಯಾಬಿನ್‌ಗೆ ತೇಗ. ಬೀಟೆ ಕಂಡರೆ ನಮಗೆಲ್ಲ ಮೋಹ. ಕುಟುಂಬದ ಮೂಲ ಮನೆಯಾದ ಐನ್‌ಮನೆಯ ಕಂಬ, ಬಾಗಿಲು ನೋಡಿ ಬೆಳೆದವರು ನಾವು. ಆದರೆ ಐನ್‌ಮನೆಯ ಜಗಲಿಗೆ ಬೆಳಕು ಬರುತ್ತದೆ, ದೋಣಿಯ ಕ್ಯಾಬಿನ್‌ಗೆ ಅಂಗೈಯಗಲದ ಕಿಟಕಿ. ನಾಲ್ಕೂ ಕಡೆ ಬೀಟೆ ಹಾಕಿದರೆ ಹಗಲಲ್ಲೂ ಲೈಟ್ ಬೇಕಾಗುತ್ತದೆ. ಬೇಕಾದರೆ ಅಂಚಿನ ಪಟ್ಟಿಗೆ, ಮೇಜಿನ ನಡುವಿಗೆ ಬೀಟೆ ಇರಲಿ. ಬೀಟೆಯ ಇಡೀ ಕುಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿದೆ. ಆದ್ದರಿಂದ ಸರಿಯಾದ ಬಿಲ್ ಇಲ್ಲದ ಮಾಲು ಕೊಳ್ಳಬೇಡಿ. ಕ್ಯಾಬಿನ್ ಚಾವಣಿಗೆ ವೆನೀರ್ ಬೇಡವೇ ಬೇಡ, ಬಿಳಿ ಬಣ್ಣ ಇರಲಿ. ತೇಗ ಅದರ ಕೆಳಗೆ ಬೆಳಗುತ್ತದೆ.

ಬೇಕಾದ್ದಕ್ಕಿಂತ ಶೇ. 30ರಷ್ಟು ಜಾಸ್ತಿ ತನ್ನಿ, ಎಲ್ಲ ಹಾಳೆಗಳೂ ಒಂದೇ ಕಟ್ಟಿನಿಂದ ಇರಲಿ. ಒಂದೇ ದಿಮ್ಮಿಯಿಂದ ಸಾಲಾಗಿ ಸೀಳಿದ ಹಾಳೆಗಳಲ್ಲಿ ಎಳೆಯ ಚಿತ್ರ ಒಂದೇ ಥರ ಇರುತ್ತದೆ. ತಂದ ಕೂಡಲೇ ಮೇಲಿನಿಂದ ಕೆಳಗೆ ನಂಬರ್ ಹಾಕಿ. ಎರಡು ಹಾಳೆಯನ್ನು ಪುಸ್ತಕ ತೆರೆದ ಹಾಗೆ ಪಕ್ಕಪಕ್ಕ ಇಟ್ಟರೆ ಚಿತ್ರ ಕನ್ನಡಿಯಂತೆ ಕೂಡುತ್ತದೆ. ಮೂರು ಡ್ರಾಯರ್ ಒಂದರ ಕೆಳಗೊಂದು ಇದ್ದರೆ ಒಂದೇ ಹಾಳೆಯಿಂದ ಮೂರನ್ನೂ ಸಾಲಾಗಿ ಕತ್ತರಿಸಿ, ಎಳೆ ನೆಟ್ಟಗೆ ನಿಲ್ಲುವ ಹಾಗೆ. ಸಣ್ಣ ಕ್ಯಾಬಿನ್‌ನಲ್ಲಿ ಕಣ್ಣು ಇದನ್ನೇ ಮೊದಲು ನೋಡುತ್ತದೆ.

ಹಾಳೆ ಅಲೆಅಲೆಯಾಗಿದ್ದರೆ ತೆಳ್ಳಗೆ ನೀರು ಸಿಂಪಡಿಸಿ, ಮಧ್ಯೆ ಬಿಳಿ ಕಾಗದ ಇಟ್ಟು, ಎರಡು ಪ್ಲೈ ನಡುವೆ ಭಾರ ಹೇರಿ. ಕಾಗದವನ್ನು ದಿನಾ ಬದಲಾಯಿಸಿ. ಪೂರ್ತಿ ಒಣಗುವವರೆಗೂ ಭಾರ ತೆಗೆಯಬೇಡಿ. ನ್ಯೂಸ್‌ಪೇಪರ್ ಬೇಡ, ಶಾಯಿ ಹಿಡಿಯುತ್ತದೆ.

ಅಂಟು

ಮೈಕಾಗೆ ಹಾಕುವ ಹಳದಿ ಬಣ್ಣದ ರಬ್ಬರ್ ಅಂಟು ಎಲ್ಲರಿಗೂ ಗೊತ್ತು. ಎರಡೂ ಕಡೆ ಬಳಿದು, ಒಣಗಿದ ಮೇಲೆ ತಾಗಿಸಿದರೆ ಅಲ್ಲೇ ಹಿಡಿಯುವ ಅಂಟು. ಕಾಗದ ಬೆನ್ನಿನ ವೆನೀರ್‌ಗೆ ಅದು ನಡೆಯುತ್ತದೆ. ಬರೀ ಹಾಳೆಗೆ ಬೇಡ. ಪಾಲಿಶ್‌ನ ಥಿನ್ನರ್ ಮರದ ರಂಧ್ರಗಳಲ್ಲಿ ಇಳಿದು ಅಂಟನ್ನು ಮೆತ್ತಗೆ ಮಾಡುತ್ತದೆ, ಗುಳ್ಳೆ ಏಳುತ್ತದೆ. ಅದು ಒಣಗಿದ ಮೇಲೂ ರಬ್ಬರಿನಂತೆ ಮೆತ್ತಗೇ ಇರುವುದರಿಂದ ಮರದ ಹಿಗ್ಗು ಕುಗ್ಗನ್ನು ಹಿಡಿದಿಡುವುದಿಲ್ಲ.

ಬಿಳಿ ಫೆವಿಕಾಲ್ ಥರದ ಅಂಟಿನಲ್ಲಿ ನೀರು ತಡೆಯುವ ಮರೀನ್ ಬಗೆಯೂ ಸಿಗುತ್ತದೆ. ಡ್ರಾಯರ್ ಜೋಡಣೆಗೆ, ಅಂಚಿನ ಪಟ್ಟಿಗೆ ಅದು ಚೆನ್ನ. ಅಗಲವಾದ ಬರೀ ಹಾಳೆಗೆ ಅದರಲ್ಲಿ ಒಂದು ತೊಂದರೆ ಇದೆ: ಅಂಟಿನ ನೀರನ್ನು ಹಾಳೆ ಕುಡಿದು ಹಿಗ್ಗಿ, ಒಣಗುವಾಗ ಕುಗ್ಗುತ್ತದೆ.

ಹಾಗಾಗಿ ದೋಣಿಗೆ ನಾನು ಎಪಾಕ್ಸಿ, ಅಂದರೆ ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು, ಬಳಸುತ್ತೇನೆ. ಅದರಲ್ಲಿ ನೀರಿಲ್ಲ, ಹಾಳೆ ಹಿಗ್ಗುವುದಿಲ್ಲ, ಒಣಗಿದ ಮೇಲೆ ತೇವಕ್ಕೆ ಜಗ್ಗುವುದಿಲ್ಲ. ಬೆಲೆ ಜಾಸ್ತಿ, ಕೆಲಸವೂ ಗಲೀಜು. ಆದರೂ ಒಮ್ಮೆ ಮಾಡಿದ್ದು ನಿಲ್ಲಬೇಕಲ್ವಾ? ನಮ್ಮ ಹವೆಯಲ್ಲಿ ಎಪಾಕ್ಸಿಗೆ ಎರಡು ಎಚ್ಚರಿಕೆ ಬೇಕು. ಚಳಿಗೆ ಅದು ನಿಧಾನವಾಗಿ ಗಟ್ಟಿಯಾಗುತ್ತದೆ. ಡಿಸೆಂಬರ್ ರಾತ್ರಿ ಶೆಡ್‌ನಲ್ಲಿ ಅಂಟಿಸಿ ಬಿಟ್ಟರೆ ಬೆಳಗ್ಗೆಗೂ ಅಂಟಂಟು. ಬೆಳಗ್ಗೆ ಮಂಜು ಹರಿದ ಮೇಲೆ ಶುರು ಮಾಡಿ, ರಾತ್ರಿ ಕಂಬಳಿ ಹೊದಿಸಿ ಬೆಚ್ಚಗಿಡಿ. ಇನ್ನೊಂದು, ತೇವದ ಚಳಿಯಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಬರುತ್ತದೆ. ಅದನ್ನು ಉಜ್ಜುವ ಮುಂಚೆ ನೀರು ಮತ್ತು ಪಾತ್ರೆ ತಿಕ್ಕುವ ಸ್ಕ್ರಬರ್‌ನಿಂದ ತೊಳೆದು ಒರೆಸಿ. ಇಲ್ಲದಿದ್ದರೆ ಮೇಲಿನ ಪಾಲಿಶ್ ಹಿಡಿಯುವುದಿಲ್ಲ.

ಅಂಟಿಸುವ ದಿನ

ಪ್ಲೈಯನ್ನು 80 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಒರಟು ಮಾಡಿ, ಧೂಳು ಪೂರ್ತಿ ತೆಗೆಯಿರಿ. ಗುಂಡಿಗಳಿಗೆ ಎಪಾಕ್ಸಿ ಪುಟ್ಟಿ ತುಂಬಿ ಸಮ ಮಾಡಿ. ಅರ್ಧ ಮಿಲಿಮೀಟರ್ ಹಾಳೆ ಕೆಳಗಿನದ್ದನ್ನೆಲ್ಲ ತೋರಿಸುತ್ತದೆ, ಸಣ್ಣ ಮರಳ ಕಣವನ್ನೂ.

ವೆನೀರನ್ನು ಹಲಗೆಗಿಂತ ಸುತ್ತಲೂ 10 ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ. ಹೊಸ ಬ್ಲೇಡ್, ಉಕ್ಕಿನ ಸ್ಕೇಲ್, ಹಗುರ ಕೈ. ಒಂದೇ ಎಳೆತಕ್ಕೆ ಕತ್ತರಿಸಲು ಹೋದರೆ ಬ್ಲೇಡ್ ಎಳೆಯ ದಾರಿ ಹಿಡಿದು ಓಡುತ್ತದೆ. ಎಳೆಗೆ ಅಡ್ಡವಾಗಿ ಕತ್ತರಿಸುವ ಕಡೆ ಮೊದಲು ಮಾಸ್ಕಿಂಗ್ ಟೇಪ್ ಹಚ್ಚಿ, ತುದಿ ಸೀಳುವುದಿಲ್ಲ. ಎರಡು ಹಾಳೆ ಜೋಡಿಸಬೇಕಿದ್ದರೆ, ಎರಡನ್ನೂ ಒಟ್ಟಿಗೆ ನೇರ ರೀಪುಗಳ ನಡುವೆ ಬಿಗಿದು ಅಂಚನ್ನು ಕೀಸುಳಿಯಿಂದ ಹೊಡೆಯಿರಿ. ಆಮೇಲೆ ಮುಖದ ಕಡೆ ಟೇಪ್ ಅಡ್ಡಡ್ಡ ಎಳೆದು ಹಚ್ಚಿ, ಕೊನೆಗೆ ಉದ್ದಕ್ಕೂ ಒಂದು. ಬೆಳಕಿಗೆ ಹಿಡಿದಾಗ ಗೆರೆ ಕಾಣಬಾರದು.

ತೇಗದಲ್ಲಿ ಸಹಜವಾಗಿ ಎಣ್ಣೆ ಇದೆ. ಅಂಟಿಸುವ ಸ್ವಲ್ಪ ಮುಂಚೆ ಅಂಟುವ ಬದಿಯನ್ನು ಅಸಿಟೋನ್ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟಿಸಿ. ಬೆಳಗ್ಗೆ ಒರೆಸಿ ಸಂಜೆ ಅಂಟಿಸಿದರೆ ಪ್ರಯೋಜನ ಇಲ್ಲ, ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಎಪಾಕ್ಸಿಯನ್ನು ಡಬ್ಬಿಯ ಮೇಲೆ ಬರೆದ ಅಳತೆಗೇ ಕಲಸಿ, ಅಂದಾಜು ಬೇಡ. ತೆಳು ಅಂಟು ಹಾಳೆಯ ರಂಧ್ರದಿಂದ ಮೇಲೆ ಜಿನುಗಿ ಕಪ್ಪು ಕಲೆ ಮಾಡುತ್ತದೆ. ಅದಕ್ಕೆ ಸಿಲಿಕಾ ಪುಡಿ ಸೇರಿಸಿ, ಗಟ್ಟಿ ಮಜ್ಜಿಗೆಯ ಹದಕ್ಕೆ ತನ್ನಿ. ಪ್ಲೈಗೆ ಮಾತ್ರ ಹಚ್ಚಿ, ಫೋಮ್ ರೋಲರ್‌ನಲ್ಲಿ ತೆಳುವಾಗಿ, ಎಲ್ಲೂ ಒಣ ಜಾಗ ಉಳಿಯದಂತೆ. ಹಾಳೆ ಇಟ್ಟು, ನಡುವಿನಿಂದ ಹೊರಗೆ ರಬ್ಬರ್ ರೋಲರ್ ಓಡಿಸಿ. ಮೇಲೆ ಪಾಲಿಥೀನ್, ಅದರ ಮೇಲೆ ತೆಳು ಫೋಮ್, ಮೇಲೆ ದಪ್ಪ ಪ್ಲೈ. ಆಮೇಲೆ ಭಾರ.

ಭಾರಕ್ಕೆ ತೋಟದಲ್ಲಿ ಬೇರೆ ಹುಡುಕಬೇಕಿಲ್ಲ. ಖಾಲಿ ಗೊಬ್ಬರದ ಚೀಲ ತೊಳೆದು ಒಣಗಿಸಿ, ಒಣ ಮರಳು ತುಂಬಿ. ಚೀಲಗಳ ನಡುವೆ ಜಾಗ ಬಿಡದೆ ಪೇರಿಸಿ, ಅಂಚಿಗೆ ಕ್ಲಾಂಪ್ ಹಾಕಿ. 24 ಗಂಟೆ ಮುಟ್ಟಬೇಡಿ.

ಬಾಗಿಲಿನ ಬೆನ್ನಿಗೂ ವೆನೀರ್ ಹಾಕಲೇಬೇಕು. ಒಂದೇ ಬದಿಗೆ ಹಾಕಿದ ಬಾಗಿಲು ಒಂದು ಮಳೆಗಾಲದಲ್ಲಿ ಬಿಲ್ಲಿನಂತೆ ಬಾಗುತ್ತದೆ. ಬೆನ್ನಿಗೆ ಅಗ್ಗದ ಮರ ನಡೆಯುತ್ತದೆ. ಆದರೆ ದಪ್ಪ ಅಷ್ಟೇ ಇರಲಿ, ಎಳೆಯ ದಿಕ್ಕೂ ಅದೇ ಇರಲಿ.

ಕಾಗದ ಬೆನ್ನಿನ ಹಾಳೆಯನ್ನು ರಬ್ಬರ್ ಅಂಟಿನಲ್ಲಿ ಹಾಕುವವರು ಪ್ಲೈಗೆ ಎರಡು ಕೋಟ್, ಹಾಳೆಗೆ ಒಂದು ಕೋಟ್ ಕೊಡಿ. ಬೆರಳಿಗೆ ಹತ್ತದಷ್ಟು ಒಣಗಲಿ. ಮಧ್ಯೆ ಸಣ್ಣ ಕೋಲುಗಳನ್ನಿಟ್ಟು ಹಾಳೆಯನ್ನು ಸರಿಯಾಗಿ ಕೂರಿಸಿ, ಒಂದೊಂದೇ ಕೋಲು ಎಳೆಯುತ್ತಾ ಒತ್ತಿ. ತಾಗಿದ ಮೇಲೆ ಸರಿಸಲಾಗುವುದಿಲ್ಲ. ಈ ಅಂಟಿನ ಆವಿ ಬೇಗ ಬೆಂಕಿ ಹಿಡಿಯುತ್ತದೆ. ಶೆಡ್‌ನಲ್ಲಿ ಒಲೆ, ಬೀಡಿ, ಕಿಡಿ ಹಾರುವ ಗ್ರೈಂಡರ್ ಯಾವುದೂ ಇರಬಾರದು. ಮುಚ್ಚಿದ ಕ್ಯಾಬಿನ್‌ನಲ್ಲಂತೂ ಬಳಸಲೇಬೇಡಿ.

ಭಾರ ತೆಗೆದ ಮೇಲೆ ಉಗುರಿನಿಂದ ಎಲ್ಲ ಕಡೆ ತಟ್ಟಿ. ಟೊಳ್ಳು ಸದ್ದು ಬಂದರೆ ಅಲ್ಲಿ ಅಂಟು ಹಿಡಿದಿಲ್ಲ. ಎಳೆಯ ಜೊತೆಗೇ ಬ್ಲೇಡಿನಿಂದ ಸಣ್ಣ ಸೀಳು ಮಾಡಿ, ಸಿರಿಂಜಿನಲ್ಲಿ ಅಂಟು ತೂರಿಸಿ, ಪಾಲಿಥೀನ್ ಇಟ್ಟು ಒತ್ತಿ ಬಿಗಿಯಿರಿ. ಪಾಲಿಶ್ ಆದ ಮೇಲೆ ಆ ಸೀಳು ಕಾಣುವುದಿಲ್ಲ.

ಅಂಚು

ಹೊರಗೆ ಚಾಚಿದ ವೆನೀರನ್ನು ಬೆನ್ನಿನ ಕಡೆಯಿಂದ ಬ್ಲೇಡಿನಲ್ಲಿ ತೆಗೆಯಿರಿ. ಉಳಿದದ್ದಕ್ಕೆ ಸಣ್ಣ ಅರ, ಯಾವಾಗಲೂ ಒಳಮುಖವಾಗಿ ಉಜ್ಜಬೇಕು. ಪ್ಲೈನ ಅಂಚೇ ನೀರಿಗೆ ತೆರೆದ ಬಾಗಿಲು. ಅದಕ್ಕೆ ತೆಳು ಎಪಾಕ್ಸಿ ಎರಡು ಸಲ ಕುಡಿಸಿ. ಆಮೇಲೆ 6 ಮಿಲಿಮೀಟರ್ ತೇಗದ ಪಟ್ಟಿ ಅಂಟಿಸಿ, ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿ. ಅಲೆಯಲ್ಲಿ ತೂಗಾಡುವಾಗ ಮೈ ತಾಗುವುದು ಇದೇ ಅಂಚಿಗೆ. ಹಿಡಿಕೆ, ಸ್ಕ್ರೂ ತೂತುಗಳಿಗೂ ಎಪಾಕ್ಸಿ ಕುಡಿಸುವುದನ್ನು ಬಿಡಬೇಡಿ.

ಉಜ್ಜುವುದು, ಪಾಲಿಶ್

180, ಆಮೇಲೆ 240. ಕೈಯಿಂದಲೇ, ಮರದ ತುಂಡಿಗೆ ಪೇಪರ್ ಸುತ್ತಿ, ಎಳೆಯ ದಿಕ್ಕಿನಲ್ಲಿ. ಮೇಲೆ ಪೆನ್ಸಿಲಿನಲ್ಲಿ ತೆಳ್ಳಗೆ ಗೀಚಿಕೊಂಡು ಶುರು ಮಾಡಿ. ಗೀಚು ಹೋದ ಜಾಗದಲ್ಲಿ ನಿಲ್ಲಿಸಿ. ಮಷೀನ್ ಸ್ಯಾಂಡರ್ ಅಂಚಿನಲ್ಲಿ ಒಂದು ಕ್ಷಣ ಹೆಚ್ಚು ನಿಂತರೂ ಕೆಳಗಿನ ಪ್ಲೈ ಕಾಣುತ್ತದೆ. ತೇಗ, ಬೀಟೆ ಎರಡರ ಧೂಳೂ ಕೆಲವರ ಚರ್ಮಕ್ಕೆ, ಮೂಗಿಗೆ ಆಗುವುದಿಲ್ಲ. ಮಾಸ್ಕ್ ಇರಲಿ.

ಎರಡು ಡಬ್ಬಿ ಕಲಸುವ ಪಿಯು (ಪಾಲಿಯುರೆಥೇನ್) ಪಾಲಿಶ್ ಕ್ಯಾಬಿನ್‌ಗೆ ಒಳ್ಳೆಯ ಆಯ್ಕೆ. ಸ್ಯಾಟಿನ್ ಹೊಳಪು ತನ್ನಿ. ಗಾಜಿನ ಹೊಳಪಿನದು ಸಣ್ಣ ಜಾಗದಲ್ಲಿ ಕಣ್ಣಿಗೆ ಹೊಡೆಯುತ್ತದೆ, ಪ್ರತಿ ಗೀರೂ ಕಾಣುತ್ತದೆ. ಮೊದಲ ಕೋಟ್ ಥಿನ್ನರ್ ಜಾಸ್ತಿ ಮಾಡಿ ತೆಳ್ಳಗೆ, ಆಮೇಲೆ ಮೂರು. ಪ್ರತಿ ಎರಡು ಕೋಟ್ ನಡುವೆ 320ರಲ್ಲಿ ಹಗುರವಾಗಿ ಉಜ್ಜಿ ಒರೆಸಿ. ಮುಖಕ್ಕೆ ಎಷ್ಟು ಕೋಟೋ ಬೆನ್ನಿಗೂ ಅಷ್ಟೇ ಕೋಟ್ ಇರಲಿ, ಇಲ್ಲಿಂದ ಕರಾವಳಿಗೆ ಇಳಿದಾಗ ಎರಡೂ ಬದಿ ಒಂದೇ ವೇಗದಲ್ಲಿ ತೇವ ಹೀರುವಂತೆ.

ಹೊತ್ತು ಬಹಳ ಮುಖ್ಯ. ಮಂಜು ಪೂರ್ತಿ ಹರಿದ ಮೇಲೆ, ಸುಮಾರು ಹತ್ತೂವರೆಯಿಂದ ಮಧ್ಯಾಹ್ನ ಮೂರರ ಒಳಗೆ ಹೊಡೆಯಿರಿ. ಸಂಜೆ ಹೊಡೆದರೆ ಇಬ್ಬನಿ ಬಿದ್ದು ಹೊಳಪು ಕುಂದುತ್ತದೆ. ಬೇಗ ಆರುವ ಲ್ಯಾಕರ್, ಮೆಲಮೈನ್ ಪಾಲಿಶ್‌ಗಳು ತೇವದ ಹವೆಯಲ್ಲಿ ಹಾಲಿನಂತೆ ಬೆಳ್ಳಗಾಗುತ್ತವೆ. ಪಿಯು ಪಾಲಿಶ್‌ನ ಗಟ್ಟಿ ಮಾಡುವ ದ್ರವದಲ್ಲಿ ಐಸೋಸಯನೇಟ್ ಇರುತ್ತದೆ, ಅದು ಶ್ವಾಸಕೋಶಕ್ಕೆ ನಿಜವಾಗಿಯೂ ಅಪಾಯ. ಬಟ್ಟೆ ಮಾಸ್ಕ್, ಎನ್95 ಯಾವುದೂ ಸಾಲದು. ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಬೇಕು, ಶೆಡ್‌ನ ಎರಡೂ ಕಡೆ ತೆರೆದಿರಬೇಕು. ಆಸ್ತಮಾ ಇರುವವರು ಈ ಕೆಲಸ ಬೇರೆಯವರಿಗೆ ಬಿಡಿ.

ದೋಣಿಗೆ ಕೂರಿಸುವುದು

ಹಲಗೆಗಳನ್ನು ಒಂದು ವಾರ ಗಟ್ಟಿಯಾಗಲು ಬಿಟ್ಟು, ಕಂಬಳಿಯಲ್ಲಿ ಸುತ್ತಿ, ನೆಟ್ಟಗೆ ನಿಲ್ಲಿಸಿ ಸಾಗಿಸಿ. ಮಲಗಿಸಿ ಪೇರಿಸಿದರೆ ಘಾಟಿಯ ತಿರುವಿನಲ್ಲಿ ಒಂದಕ್ಕೊಂದು ಉಜ್ಜುತ್ತವೆ.

ಫೈಬರ್ ಮೈಗೆ ನೇರವಾಗಿ ಹಲಗೆ ಅಂಟಿಸಬೇಡಿ. ರಾತ್ರಿ ತಣ್ಣಗಾದ ಫೈಬರ್ ಒಳಮೈಯಲ್ಲಿ ನೀರು ಹನಿಗಟ್ಟುತ್ತದೆ. ಅದು ಇಳಿದು ಹೋಗಲು ದಾರಿ ಬೇಕು. 12 ಮಿಲಿಮೀಟರ್ ರೀಪುಗಳನ್ನು ಎಪಾಕ್ಸಿಯಲ್ಲಿ ಮೈಗೆ ಕೂರಿಸಿ, ಹಲಗೆಯನ್ನು ಸ್ಟೇನ್‌ಲೆಸ್ ಸ್ಕ್ರೂನಿಂದ ಆ ರೀಪುಗಳಿಗೆ ಬಿಗಿಯಿರಿ. ಮೇಲೆ ಕೆಳಗೆ ಗಾಳಿಗೆ ಸಂದಿ ಇರಲಿ. ಹಿಂದೆ ವೈರು, ಪೈಪು ಇರುವ ಕಡೆ ಹಲಗೆ ಸುಲಭವಾಗಿ ಬಿಚ್ಚುವಂತಿರಬೇಕು. ಸಮುದ್ರದಲ್ಲಿ ಸೋರಿಕೆ ಹುಡುಕುವಾಗ ಅದು ಬೇಕಾಗುತ್ತದೆ. ಲಾಕರ್ ಬಾಗಿಲಿಗೆ ತೂತು ಅಥವಾ ಬೆತ್ತದ ಹೆಣಿಗೆ ಇದ್ದರೆ ಒಳಗೆ ಬೂಷ್ಟು ಹಿಡಿಯುವುದು ಕಡಿಮೆ.

ಉಳಿದ ವೆನೀರ್ ತುಂಡುಗಳನ್ನು ಬಿಸಾಡಬೇಡಿ. ನಂಬರ್ ಸಮೇತ ಎರಡು ಪ್ಲೈ ನಡುವೆ ಕಟ್ಟಿ, ಮನೆಯ ಅಟ್ಟದಲ್ಲಿ ಒಲೆಯ ಬಿಸಿ ತಾಗುವ ಕಡೆ ಇಡಿ. ಪಾಲಿಶ್‌ನ ಹೆಸರು, ಹೊಳಪಿನ ದರ್ಜೆ, ತಿಂಗಳು, ಇಸವಿ ಎಲ್ಲವನ್ನೂ ಒಂದು ಬಾಗಿಲಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದು, ಕೊನೆಯ ಕೋಟ್ ಅದರ ಮೇಲೆ ಬರುವಂತೆ ಮಾಡಿ.